ರಸ್ತೆಯಲ್ಲಿ ದುಡಿದು ಬಯಲಿನಲ್ಲಿ ಆಡಿಸಿದವರ ಸ್ಮರಣೆ

ಪಾಠ: ನೆಹೆಮೀಯ 3ನೆಯ ಅಧ್ಯಾಯ



ನಮ್ಮ ಸಭೆಗಳಲ್ಲಿ ಒಬ್ಬರು ತೀರಿಕೊಂಡಾಗ ಅವರ ವಿಷಯವಾಗಿ ನಾಲ್ಕು ಮಾತು ಬರೆದು ಓದುವ ವಾಡಿಕೆ ಉಂಟು. ತೀರಿಹೋದವರು ಉಪದೇಶಿಯೋ ಶಾಲಾಮಾಸ್ತರರೋ ಆಗಿದ್ದರೆ ಬರೆಯುವವನಿಗೆ ಕಷ್ಟವಿಲ್ಲ. ಇಸವಿಗಳೂ ಊರುಗಳೂ ದಫ್ತರದಲ್ಲಿ ಸಿಕ್ಕುತ್ತವೆ. ಆದರೆ ಮೂವತ್ತು ವರುಷ ಲೋಕೋಪಯೋಗಿ ಇಲಾಖೆಯ ರಸ್ತೆಯಲ್ಲಿಯೋ ಮಂಗಳೂರು ನಗರದ ಚರಂಡಿಗಳಲ್ಲಿಯೋ ದುಡಿದು, ಸಾಯಂಕಾಲವಾದೊಡನೆ ಕೈಕಾಲು ತೊಳೆದುಕೊಂಡು ಊರ ಹುಡುಗರನ್ನು ಬಯಲಿನಲ್ಲಿ ಕೂಡಿಸಿ, ಸಂಬಳವಿಲ್ಲದೆ ಆಟ ಕಲಿಸಿದವರೊಬ್ಬರು ತೀರಿಕೊಂಡರೆ ಬರೆಯುವವನ ಕೈ ತಡೆಯುತ್ತದೆ. ಸರಳ ಜೀವಿ, ಎಲ್ಲರಿಗೂ ಬೇಕಾದವರು, ತುಂಬಲಾರದ ನಷ್ಟ ಎಂದು ಬರೆದು ಮುಗಿಸುತ್ತೇವೆ. ಈ ಮಾತುಗಳು ಸುಳ್ಳಲ್ಲ. ಆದರೆ ಯಾರ ಹೆಸರಿನ ಕೆಳಗೆ ಇಟ್ಟರೂ ಸಲ್ಲುತ್ತವೆ. ಹಾಗೆ ಬರೆದ ಸ್ಮರಣೆಯಲ್ಲಿ ಆ ಮನುಷ್ಯರು ಇನ್ನೊಮ್ಮೆ ಕಳೆದುಹೋಗುತ್ತಾರೆ. ಇಂಥವರನ್ನು ಹೇಗೆ ಸ್ಮರಿಸತಕ್ಕದ್ದೆಂಬುದೇ ಈ ತಿಂಗಳ ಪಾಠ.

ನೆಹೆಮೀಯನ ಪುಸ್ತಕದ 3ನೆಯ ಅಧ್ಯಾಯವನ್ನು ತೆರೆಯಿರಿ. ಓದುವಾಗ ಹಲವರು ದಾಟಿಬಿಡುವ ಅಧ್ಯಾಯವಿದು. ನಾಲಿಗೆ ಹೊರಳದ ಹೆಸರುಗಳೇ ಅದರಲ್ಲಿ ತುಂಬಿವೆ. ಯೆರೂಸಲೇಮಿನ ಗೋಡೆ 52 ದಿನಗಳಲ್ಲಿ ಮುಗಿಯಿತೆಂದು 6ನೆಯ ಅಧ್ಯಾಯದಲ್ಲಿ ಹೇಳಿದೆ. ಅಷ್ಟನ್ನೇ ಬರೆದು ಕೀರ್ತಿಯನ್ನು ತಾನೇ ಇಟ್ಟುಕೊಳ್ಳುವುದು ಅಧಿಪತಿಯಾದ ನೆಹೆಮೀಯನಿಗೆ ಕಷ್ಟವಾಗುತ್ತಿರಲಿಲ್ಲ. ಅವನಾದರೋ ಯಾರು ಎಲ್ಲಿಂದ ಎಲ್ಲಿಯ ವರೆಗೆ ಕಟ್ಟಿದರೆಂದು ತುಂಡು ತುಂಡಾಗಿ ಬರೆಯಿಸಿದ್ದಾನೆ. ಅಕ್ಕಸಾಲಿಗನೂ ಸುಗಂಧದ್ರವ್ಯ ಮಾಡುವವನೂ ಅದರಲ್ಲಿದ್ದಾರೆ; ಶಲ್ಲೂಮನ ಕೂಡ ಅವನ ಹೆಣ್ಣುಮಕ್ಕಳೂ ಇದ್ದಾರೆ. ಕೆಲವರು ತಮ್ಮ ತಮ್ಮ ಮನೆಗಳ ಎದುರಿನ ಭಾಗವನ್ನೇ ಕಟ್ಟಿದರು. ಊರ ಕಸವನ್ನು ಹೊರಗೆ ಹಾಕುವ ತಿಪ್ಪೆಬಾಗಿಲನ್ನು ಜೀರ್ಣೋದ್ಧಾರ ಮಾಡಿದವನು ಒಂದು ಪ್ರಾಂತದ ಅಧಿಕಾರಿಯಾದ ಮಲ್ಕೀಯನು. ತೆಕೋವದ ಶ್ರೀಮಂತರು ಕೆಲಸಕ್ಕೆ ಕುತ್ತಿಗೆ ಬಗ್ಗಿಸಲಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಅದೇ ಊರಿನ ಸಾಮಾನ್ಯ ಜನರು ತಮ್ಮ ಪಾಲನ್ನು ಮುಗಿಸಿ ಇನ್ನೊಂದು ಭಾಗವನ್ನು ಕಟ್ಟಿದರೆಂಬುದೂ ಅಲ್ಲೇ ಇದೆ. ಹೊಗಳಿಕೆ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಬಾರೂಕನೊಬ್ಬನ ವಿಷಯವಾಗಿ ಮಾತ್ರ, ಅವನು ಆಸಕ್ತಿಯಿಂದ ಕಟ್ಟಿದನೆಂಬ ಒಂದು ಮಾತು ಉಂಟು.

ಈಗ ಮಂಗಳೂರಿಗೆ ಬನ್ನಿರಿ. ಅಲ್ಲಿಯ ಪುರಸಭೆ 1866ರಲ್ಲಿ ಏರ್ಪಟ್ಟಿತು. 1980ರಲ್ಲಿ ಅದು ಮಹಾನಗರಪಾಲಿಕೆಯಾಯಿತು. ಊರು ಗುಡ್ಡೆ ತಗ್ಗುಗಳದ್ದು. ಜೂನಿನಿಂದ ಸೆಪ್ಟೆಂಬರದ ವರೆಗೆ ಸುರಿಯುವ ಮಳೆಯ ನೀರೆಲ್ಲ ಗುಡ್ಡೆಗಳಿಂದಿಳಿದು ತೋಡುಗಳ ಮಾರ್ಗವಾಗಿ ಹೊಳೆಗೂ ಕಡಲಿಗೂ ಸೇರಬೇಕು. ಮಳೆಗೆ ಮುಂಚೆ ತೋಡಿನ ಹೂಳನ್ನು ತೆಗೆಯದಿದ್ದರೆ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ, ಜನರು ಕೂಗುತ್ತಾರೆ. ತೆಗೆದರೆ ಏನೂ ಆಗುವುದಿಲ್ಲ. ಮಕ್ಕಳು ಎಂದಿನಂತೆ ಶಾಲೆಗೆ ಹೋಗುತ್ತಾರೆ. ಈ ಕೆಲಸ ಕೆಟ್ಟರೆ ಮಾತ್ರ ಕಣ್ಣಿಗೆ ಬೀಳತಕ್ಕದ್ದು. ಹಾರೆ, ಬುಟ್ಟಿ ಹಿಡಿದವನ ಹೆಸರು ಮರೆತುಹೋಗುವುದಕ್ಕೆ ಅವನ ಕೆಲಸ ಸರಿಯಾಗಿದ್ದದ್ದೇ ಕಾರಣವೆಂದರೆ ವಿಚಿತ್ರವಲ್ಲವೇ?

ಪೇಟೆಯ ಮಲಿನವನ್ನು ತೆಗೆಯುವ ಕೆಲಸವು ಬಹು ಕಾಲ ಕೊರಗ ಸಮುದಾಯದವರ ಹೆಗಲ ಮೇಲಿತ್ತು. ಅವರ ವಿಷಯವಾಗಿ ಪುಸ್ತಕ ಬರೆದ ದೊರೆಗಳ ಹೆಸರುಗಳು ಉಳಿದವು. ಹೊತ್ತವರ ಹೆಸರುಗಳನ್ನು ಬರೆದಿಡುವವರು ಇರಲಿಲ್ಲ. ಅವರನ್ನು ಹೀನೈಸುವ ಅಜಲು ಪದ್ಧತಿಯನ್ನು ಸರಕಾರವು 2000ನೆಯ ಇಸವಿಯ ಕಾನೂನಿನಿಂದ ನಿಷೇಧಿಸಿತು. ಮಲವನ್ನು ಮನುಷ್ಯನ ಕೈಯಿಂದ ತೆಗೆಯಿಸಬಾರದೆಂದು 2013ರ ಕಾನೂನು ದೇಶಕ್ಕೆಲ್ಲಾ ಕಟ್ಟುಮಾಡಿದೆ. ಮಲ್ಕೀಯನ ವಚನವನ್ನು ಇಲ್ಲಿ ಇನ್ನೊಮ್ಮೆ ಓದಿರಿ.

ಮಂಗಳೂರಿನಿಂದ ಸಂಪಾಜೆ ಘಾಟಿಯನ್ನು ಹತ್ತಿ ಮಡಿಕೇರಿಗೆ ಹೋಗುವ ಮಾರ್ಗವು 2018ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಜರಿದು ಕಡಿದುಹೋಯಿತು. ಅದನ್ನು ತಿರಿಗಿ ಕಟ್ಟಿದ ಕೂಲಿಯವರಲ್ಲಿ ಒಬ್ಬರ ಹೆಸರಾದರೂ ಆ ದಾರಿಯಲ್ಲಿ ಹೋಗಿಬರುವ ನಮಗೆ ಗೊತ್ತುಂಟೋ? ಆದರೆ ಆ ದಾರಿ ಮುಟ್ಟುವ ಕೊಡಗಿನಲ್ಲಿ, ಆಟದ ವಿಷಯವಾಗಿ, ಒಬ್ಬರ ಹೆಸರು ಚೆನ್ನಾಗಿ ಉಳಿದಿದೆ. ಅವರು ಪಾಂಡಂಡ ಕುಟ್ಟಪ್ಪನವರು. ರಸ್ತೆಯ ಕೆಲಸದವರಲ್ಲ, ಬ್ಯಾಂಕಿನ ನೌಕರರು. ಹಾಕಿ ಆಟದ ತೀರ್ಪುಗಾರರೂ ಆಗಿದ್ದರು. 1997ರಲ್ಲಿ ಕರಡ ಎಂಬ ಹಳ್ಳಿಯಲ್ಲಿ, ಒಂದೊಂದು ಕೊಡವ ಮನೆತನಕ್ಕೆ ಒಂದೊಂದು ತಂಡವೆಂಬ ನೇಮದಿಂದ, ಅವರು ಹಾಕಿ ಪಂದ್ಯವನ್ನು ಏರ್ಪಡಿಸಿದರು. ಆ ವರುಷ 60 ಮನೆತನಗಳು ಕೂಡಿದವು. ಒಂದೇ ತಂಡದಲ್ಲಿ ತಾತನೂ ಮೊಮ್ಮಗನೂ, ಸೊಸೆಯರೂ ಹೆಣ್ಣುಮಕ್ಕಳೂ ಆಡಬಹುದು. ವರುಷಕ್ಕೊಂದು ಮನೆತನವು ಖರ್ಚು ವೆಚ್ಚದ ಭಾರವನ್ನು ಹೊತ್ತುಕೊಳ್ಳುತ್ತದೆ, ಆ ವರುಷದ ಪಂದ್ಯಕ್ಕೆ ಅದರದೇ ಹೆಸರು. 2018ರ ದುರಂತದ ತರುವಾಯ ಕೆಲವು ವರುಷ ನಿಂತುಹೋದ ಈ ಹಬ್ಬವು 2023ರಲ್ಲಿ ತಿರಿಗಿ ನಡೆಯಿತು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಆಡಿದವು. ಕುಟ್ಟಪ್ಪನವರು ಈಗ ಇಲ್ಲ. ತಮ್ಮ ಮನೆಯೆದುರಿನ ಗೋಡೆಯನ್ನು ಕಟ್ಟಿದವರ ಪಟ್ಟಿಯಂತೆಯೇ, ಮನೆತನಗಳ ಆ ಪಟ್ಟಿಯ ಮೊದಲ ಸಾಲಿನಲ್ಲಿ ಅವರು ಇದ್ದಾರೆ.

ಎಲ್ಲರೂ ಇಷ್ಟು ದೊಡ್ಡದನ್ನು ಕಟ್ಟುವುದಿಲ್ಲ. ಮಂಗಳೂರಿಗೆ ಹೋದಾಗ ಸಂಜೆ ನೆಹರೂ ಮೈದಾನದ ಬದಿಯಲ್ಲಿ ಸ್ವಲ್ಪ ನಿಂತು ನೋಡಿರಿ. ಸುಣ್ಣದ ಪುಡಿಯಿಂದ ಗೆರೆ ಎಳೆಯುವವರು, ಹರಿದ ಚೆಂಡನ್ನು ಹೊಲಿಸಿ ತರುವವರು, ಜಗಳವನ್ನು ಬಿಡಿಸುವವರು, ಕತ್ತಲಾಗುವ ಮುಂಚೆ ಚಿಕ್ಕವರನ್ನು ಮನೆಗೆ ಅಟ್ಟುವವರು ಇಲ್ಲದೆ ಎಲ್ಲಿಯೂ ಹುಡುಗರ ಆಟ ಹತ್ತು ದಿನ ನಿಲ್ಲುವುದಿಲ್ಲ. ಸಾರಾಯಿಯಂಗಡಿಗೂ ಬಯಲಿಗೂ ನಡುವೆ ಒಬ್ಬ ಹಿರಿಯನು ದಿನಾಲು ಬಂದು ನಿಂತದ್ದರಿಂದಲೇ ದಾರಿ ತಪ್ಪದೆ ಉಳಿದವರು ನಮ್ಮ ಹಳ್ಳಿಗಳಲ್ಲಿಯೂ ಇದ್ದಾರು.

ಆದಕಾರಣ ನಿಮ್ಮ ಸಭೆಯಲ್ಲಿ ಇಂಥವರು ತೀರಿಕೊಂಡಿದ್ದರೆ ಕಾಗದ ಹಿಡಿಯುವ ಮೊದಲು ನಾಲ್ಕು ಮನೆಗೆ ಹೋಗಿ ಕೇಳಿರಿ. ಯಾವ ರಸ್ತೆ, ಎಲ್ಲಿಂದ ಎಲ್ಲಿಗೆ? ಯಾವ ಮೋರಿ, ಯಾವ ವರುಷ? ಕೂಲಿಯಿಂದ ಖಾಯಂ ನೌಕರಿಗೆ ಬರಲು ಎಷ್ಟು ಕಾಲ ಹಿಡಿಯಿತು, ಅಥವಾ ಬರಲೇ ಇಲ್ಲವೋ? ಯಾವ ಹುಡುಗರಿಗೆ ಯಾವ ಆಟವನ್ನು ಕಲಿಸಿದರು, ಆ ಹುಡುಗರು ಈಗ ಏನು ಮಾಡುತ್ತಿದ್ದಾರೆ? ಆಟಕ್ಕೆ ಬಯಲು ಕೊಡಲೊಲ್ಲದವರು ಇದ್ದರೆ ಅದನ್ನೂ ಬರೆಯಿರಿ. ತೆಕೋವದವರ ವಿಷಯದಲ್ಲಿ ನೆಹೆಮೀಯನು ಸಂಕೋಚಪಡಲಿಲ್ಲ. ಕೋಪಿಷ್ಠರಾಗಿದ್ದರೆ ಹಾಗೆಂದೇ ಬರೆಯಬಹುದು. ಜೊತೆಗೆ ದುಡಿದವರು ಅನ್ಯಮತದವರಾಗಿದ್ದರೂ ಅವರ ಹೆಸರುಗಳನ್ನು ಬಿಡಬೇಡಿರಿ, ಯಾಕಂದರೆ ಹಾರೆಯ ಕೆಲಸ ಒಬ್ಬನಿಂದ ಆಗತಕ್ಕದ್ದಲ್ಲ.

ಬರೆದಾದ ಮೇಲೆ ಕೂಟದಲ್ಲಿ ಓದುವ ಮೊದಲು ತೀರಿಹೋದವರ ಹೆಂಡತಿಗೆ ಒಮ್ಮೆ ಓದಿ ಹೇಳಿರಿ. ಇಸವಿ ತಪ್ಪಿದ್ದರೆ ಆಕೆಯೇ ತಿದ್ದುವರು.