ಫಲಿತಾಂಶದ ದಿನಗಳು: ವಿದ್ಯಾರ್ಥಿಗಳೂ ಪಾಲಕರೂ ಅರಿಯಬೇಕಾದುದು

ಉತ್ತರಪತ್ರಿಕೆಯನ್ನು ಒಪ್ಪಿಸಿ ಹೊರಬಂದ ವಿದ್ಯಾರ್ಥಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಅದು ಫಲಿತಾಂಶಕ್ಕಾಗಿ ಕಾಯುವ ಪರೀಕ್ಷೆ. ಓದುವಾಗ ಕೈಗೆ ಕೆಲಸವಿರುತ್ತದೆ. ಕಾಯುವಾಗ ಅದೂ ಇರುವುದಿಲ್ಲ. ತನ್ನ ವಶದಲ್ಲಿಲ್ಲದ ಸಂಗತಿಯನ್ನೇ ಮನಸ್ಸು ಎಡೆಬಿಡದೆ ಚಿಂತಿಸತೊಡಗಿದಾಗ ಒತ್ತಡ ಹೆಚ್ಚುತ್ತದೆ.

ಲಕ್ಷಣಗಳು

ಒತ್ತಡಕ್ಕೊಳಗಾದ ಶರೀರದಲ್ಲಿ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚಾಗಿ ಸ್ರವಿಸುತ್ತವೆ. ಎದೆಬಡಿತ ಏರುವುದು, ಹಸಿವು ಕುಗ್ಗುವುದು, ನಿದ್ರೆ ಕೆಡುವುದು, ಸಣ್ಣ ಮಾತಿಗೂ ಸಿಡುಕುವುದು ಸಾಮಾನ್ಯ. ಆದರೆ ಎಲ್ಲರಿಂದ ದೂರ ಸರಿಯುವುದು, ತನ್ನ ಮೆಚ್ಚಿನ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುವುದು, 'ನಾನಿದ್ದು ಏನು ಪ್ರಯೋಜನ' ಎಂಬಂತಹ ಮಾತು ಇವು ಅಪಾಯದ ಸೂಚನೆಗಳು. ಇವುಗಳನ್ನು ಹುಡುಗಾಟಿಕೆಯೆಂದು ತಳ್ಳಿಹಾಕಬಾರದು. ಸಾಯುವ ಯೋಚನೆ ಬಂದಿದೆಯೇ ಎಂದು ಮಗುವನ್ನು ಶಾಂತವಾಗಿ, ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನಸ್ಸಿನ ಭಾರ ಇಳಿಸಲು ದಾರಿಯಾಗುತ್ತದೆ.

ಕಾಯುವ ಅವಧಿಯಲ್ಲಿ

ಊಟ, ನಿದ್ರೆ, ಆಟ ಇವುಗಳಿಗೆ ನಿಗದಿತ ವೇಳೆ ಇರಲಿ. ಪ್ರಶ್ನೆಪತ್ರಿಕೆಯನ್ನು ಮತ್ತೆ ಮತ್ತೆ ಹರಡಿಕೊಂಡು ಅಂಕಗಳನ್ನು ಲೆಕ್ಕಹಾಕುವುದರಿಂದ ಪ್ರಯೋಜನವಿಲ್ಲ. ಅದರ ಬದಲು ಪದವಿಪೂರ್ವ ಶಿಕ್ಷಣ, ಡಿಪ್ಲೊಮಾ, ಐ.ಟಿ.ಐ. ಮುಂತಾದ ಎರಡು ಮೂರು ಮಾರ್ಗಗಳನ್ನು ಮನೆಯವರೆಲ್ಲ ಕುಳಿತು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಲೇಸು. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದನ್ನು ಆಗ ಹುಡುಕಬೇಕಾಗುವುದಿಲ್ಲ.

ಫಲಿತಾಂಶದ ದಿನ

ಅಂದು ಮನೆಯಲ್ಲಿ ಹಿರಿಯರೊಬ್ಬರು ಜೊತೆಯಲ್ಲಿರಲಿ. ಅಂಕ ಎಷ್ಟೇ ಬಂದಿರಲಿ, ಪಾಲಕರ ಮೊದಲ ಮಾತು ಅಂಕದ ಬಗ್ಗೆ ಆಗಿರಬಾರದು. 'ಊಟ ಮಾಡೋಣ ಬಾ' ಎಂಬ ಮಾತೇ ಸಾಕು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಊರಿನಿಂದ ಕರೆಗಳು ಬರುವುದು ಸಹಜ. ಅವುಗಳಿಗೆ ಪಾಲಕರೇ ಉತ್ತರಿಸಲಿ. ಧಾರವಾಡದ ಸೋದರತ್ತೆಯ ಮಗನ ಅಂಕಗಳೊಡನೆ ಹೋಲಿಸುವುದು ಸಲ್ಲದು. ಮಂಡಳಿ ಬೇರೆ, ಪಠ್ಯಕ್ರಮ ಬೇರೆ, ಮೌಲ್ಯಮಾಪನವೂ ಬೇರೆ.

ಅಂಕ ಕಡಿಮೆಯಾದಲ್ಲಿ

ಅನುತ್ತೀರ್ಣರಾದವರಿಗೆ ಅದೇ ವರ್ಷ ಮತ್ತೊಂದು ಅವಕಾಶವಿದೆ. ಮಹಾರಾಷ್ಟ್ರದಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳಿಗೆ ಪೂರಕ ಪರೀಕ್ಷೆ ನಡೆಯುತ್ತದೆ. ಕರ್ನಾಟಕದಲ್ಲಿ 2024ರಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದಿತು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕವೂ ಓದನ್ನು ಮುಂದುವರಿಸಬಹುದು. ಅಂಕಗಳ ಬಗ್ಗೆ ಸಂದೇಹವಿದ್ದಲ್ಲಿ ಮರು ಎಣಿಕೆ ಅಥವಾ ಮರು ಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಕೊಡುವ ಕಾಲಾವಕಾಶ ಅಲ್ಪವಾದ್ದರಿಂದ ಮಂಡಳಿಯ ಪ್ರಕಟಣೆಯನ್ನು ಕೂಡಲೇ ಓದಬೇಕು. ಮರು ಮೌಲ್ಯಮಾಪನದಲ್ಲಿ ಅಂಕ ಇಳಿಯುವ ಸಾಧ್ಯತೆಯೂ ಇರುವುದನ್ನು ಮರೆಯಬಾರದು.

ನೆರವು ಎಲ್ಲಿ?

ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ದೊರೆಯುವ ಈ ಸೇವೆಯಲ್ಲಿ ಕರೆ ಮಾಡುವವರು ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡವೂ ಅವುಗಳಲ್ಲೊಂದು. ವಿದ್ಯಾರ್ಥಿಗಳಷ್ಟೇ ಅಲ್ಲದೆ ಕಳವಳಗೊಂಡ ಪಾಲಕರೂ ಕರೆ ಮಾಡಬಹುದು. ಅಪಾಯದ ಸೂಚನೆ ಕಂಡಲ್ಲಿ ಮಗುವನ್ನು ಒಂಟಿಯಾಗಿ ಬಿಡದೆ ಸಮೀಪದ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಂಕಪಟ್ಟಿ ತಿಳಿಸುವುದು ಕೆಲವು ವಿಷಯಗಳಲ್ಲಿ ಕೆಲವು ಗಂಟೆಗಳ ಬರವಣಿಗೆಯ ಬೆಲೆಯನ್ನು ಮಾತ್ರ. ಮಗುವಿನ ಬೆಲೆ ಅದರಲ್ಲಿ ನಮೂದಾಗಿರುವುದಿಲ್ಲ.