ರಿಂಗು ತಿರುಗಿಸುವ ಮುಂಚೆ

ಕ್ಯಾಮೆರಾದ ಕಂತು ಇನ್ನೂ ಅರ್ಧ ತೀರಿಲ್ಲ, ಆಗಲೇ ಹೊಸ ಲೆನ್ಸಿಗೆ ಬೆಲೆ ವಿಚಾರಿಸುತ್ತಿದ್ದೀಯಂತೆ! ಸ್ವಲ್ಪ ತಡಿ ಮಗು. ನಿಮ್ಮ ಮನೆ ಬೀರುವಿನಲ್ಲೋ, ಬಾಗಿಲು ಹಾಕಿದ ಯಾವುದೋ ಸ್ಟುಡಿಯೋದ ಷೋಕೇಸಿನಲ್ಲೋ ಕೈಯಲ್ಲೇ ಫೋಕಸ್ ಮಾಡುವ ಹಳೇ 50 ಎಂ.ಎಂ. ಲೆನ್ಸೊಂದು ಸುಮ್ಮನೆ ಕೂತಿರುತ್ತದೆ. ಮೊದಲು ಅದನ್ನು ಕೇಳಿ ತೆಗೆದುಕೋ. ಹಾಕಿದ ಕೂಡಲೇ ಚಿತ್ರ ಚೆಂದವಾಗುತ್ತದೆ, ಅದರಲ್ಲೇನೋ ಮಾಯೆ ಇದೆ ಅನ್ನುವವರ ಮಾತು ಮಾತ್ರ ನಂಬಬೇಡ. ಬಿಸಿಲಿಗೆ ಎದುರಾಗಿ ಹಿಡಿದರೆ ಚಿತ್ರವೆಲ್ಲ ಮಂಕಾಗುತ್ತದೆ. ಆದರೂ ನಿನ್ನಂಥ ಅವಸರದ ಜೀವಕ್ಕೆ ಅದು ಒಂದು ವಿದ್ಯೆ ಕಲಿಸುತ್ತದೆ: ಕ್ಯಾಮೆರಾ ಎತ್ತುವ ಮುಂಚೆಯೇ ಕಣ್ಣಲ್ಲಿ ದೂರ ಅಳೆಯೋದು.

ಹಳೇದು ಹೊಸದಕ್ಕೆ ಕೂರುತ್ತದೋ ಇಲ್ಲವೋ ಅಂತ ಚಿಂತೆ ಬೇಡ. ಲೆನ್ಸು ಕೂರಿಸುವ ನಿಕಾನಿನ ಎಫ್ ಮೌಂಟು ಬಂದದ್ದು 1959ರಲ್ಲಿ. ಅದರ ಲೆನ್ಸಿಗೆ ಮೌಂಟಿನಿಂದ ಫಿಲ್ಮಿನವರೆಗೆ 46.5 ಎಂ.ಎಂ. ಜಾಗ ಬೇಕು. ಒಳಗೆ ಕನ್ನಡಿಯೇ ಇಲ್ಲದ ಸೋನಿ ಬಾಡಿಯಲ್ಲಿ ಆ ಜಾಗ ಬರೀ 18. ಮಿಕ್ಕಿದ್ದನ್ನು ತುಂಬಲು ಗಾಜಿಲ್ಲದ ಖಾಲಿ ಕೊಳವೆ ಸಾಕು. ಅಡಾಪ್ಟರ್ ಅಂದರೆ ಅಷ್ಟೇ. ಲೆನ್ಸೇ ಹಾಕಿಲ್ಲ ಅಂತ ಕ್ಯಾಮೆರಾ ಮೊಂಡು ಹಿಡಿದರೆ, ಲೆನ್ಸಿಲ್ಲದೆಯೂ ಶಟರ್ ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡು. ನಿನ್ನದು ಕನ್ನಡಿ ಇರುವ ನಿಕಾನ್ ಡಿ7000ನಂಥದ್ದಾದರೆ ಹುಷಾರು. 1977ಕ್ಕೂ ಮುಂಚಿನ, ಮಾರ್ಪಾಡಾಗದ ಲೆನ್ಸನ್ನು ಬಲವಂತವಾಗಿ ಕೂರಿಸಿದರೆ ಮೌಂಟಿನ ಅಂಚಿನ ಪುಟ್ಟ ಹಲ್ಲು ಹಾಳಾಗುತ್ತದೆ. ತಿರುಗದಿದ್ದರೆ ಬಿಟ್ಟುಬಿಡು, ಪೈಲ್ವಾನಿಕೆ ಬೇಡ.

ಈಗ ಕೋಲಾರದ ಟೊಮೆಟೊ ಮಂಡಿಗೆ ಹೋಗು, ಹರಾಜಿನ ಹೊತ್ತಿಗೆ. 15 ಕೆಜಿ ಬಾಕ್ಸು ಹೊತ್ತ ಹಮಾಲಿ ನಿನಗಾಗಿ ನಿಲ್ಲುವುದಿಲ್ಲ. ಅಲ್ಲಿ ಫೋಕಸ್ ರಿಂಗು ತಿರುಗಿಸುತ್ತಾ ಕೂತರೆ ನಿನಗೆ ಸಿಗೋದು ಬರೀ ಬೆನ್ನು. ಅಪರ್ಚರ್ 8ಕ್ಕೆ ಇಡು, ದೂರ 3 ಮೀಟರಿಗೆ ಇಡು, ಆಮೇಲೆ ರಿಂಗಿನ ಮೇಲಿಂದ ಕೈ ತೆಗೆ. ಸಣ್ಣ ಸೆನ್ಸರಿನ ಎಪಿಎಸ್-ಸಿ ಬಾಡಿಯಲ್ಲಿ ಎರಡೂವರೆಯಿಂದ ಮೂರೂವರೆ ಮೀಟರಿನವರೆಗೆ ಎಲ್ಲವೂ ಚೊಕ್ಕವಾಗಿ ಬರುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಚೊಕ್ಕ ಅಂತ ಲೆನ್ಸಿನ ಮೇಲೆ ಕೊರೆದ ಗೆರೆಗಳು ಫಿಲ್ಮಿನ ಕಾಲದ ಲೆಕ್ಕ, ಸ್ವಲ್ಪ ಧಾರಾಳ. 8ಕ್ಕೆ ಇಟ್ಟಾಗ 5.6ರ ಗೆರೆ ನೋಡು. ಮೂರು ಮೀಟರು ಅಂದರೆ ನಾಲ್ಕು ಹೆಜ್ಜೆ. ಮನುಷ್ಯ ಅಷ್ಟು ಹತ್ತಿರ ಬಂದಾಗ ಒತ್ತು. ಬಸ್ಸಿನ ಹಿಂದೆ ಓಡದೆ ಸ್ಟಾಪಿನಲ್ಲಿ ನಿಂತು ಹತ್ತಿದ ಹಾಗೆ. ಇದರಿಂದ ಇನ್ನೊಂದು ಲಾಭವಿದೆ. ನಾಲ್ಕು ಹೆಜ್ಜೆಯಲ್ಲಿ ನಿಂತವನು "ಅಣ್ಣಾ, ಒಂದು ಫೋಟೋ ತೆಗೀಲಾ?" ಅಂತ ಕೇಳಲೇಬೇಕು. ಕಂಬದ ಮರೆಯಿಂದ ಜೂಮ್ ಹಾಕಿ ಮುಖ ಕದಿಯೋ ನಿನ್ನ ಚಾಳಿ ತಾನಾಗಿ ಬಿಡುತ್ತದೆ.

ಮುಳಬಾಗಿಲು ಕಡೆ ಹೋದರೆ ಆವಣಿಯ ರಾಮಲಿಂಗೇಶ್ವರ ಗುಡಿಯಲ್ಲಿ ಕೂರು. ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ಫೋಕಸ್ ಆಯ್ತು ಅಂತ ಪರದೆಯ ಮೇಲೆ ಮಿನುಗುವ ಪೀಕಿಂಗ್ ಗೆರೆ ನಂಬಿ ಒತ್ತಬೇಡ, ಅದು ಸುಳ್ಳು ಹೇಳುವುದುಂಟು. ಅಪರ್ಚರ್ ಪೂರ್ತಿ ತೆರೆದು, ಚಿತ್ರ ಹಿಗ್ಗಿಸಿ ನೋಡಿ ಫೋಕಸ್ ಮಾಡು, ಆಮೇಲೆ ಅಪರ್ಚರ್ ಕಿರಿದು ಮಾಡು.

ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಹೂವಿನ ಕಾಲಕ್ಕೆ ಹೋದರೆ ಬೇರೆಯೇ ಗೋಳು. ಗಾಳಿಗೆ ಗೊಂಚಲು ತೂಗುತ್ತದೆ, ನೀನು ರಿಂಗನ್ನು ಅತ್ತಿತ್ತ ತಿರುಗಿಸಿ ಬೈಯುತ್ತೀಯ. ಹತ್ತಿರದ ಚಿತ್ರಕ್ಕೆ ರಿಂಗನ್ನು ಒಮ್ಮೆ ಅತಿ ಹತ್ತಿರಕ್ಕೆ ಇಟ್ಟಮೇಲೆ ಮತ್ತೆ ಮುಟ್ಟಲೇಬೇಡ. ನೀನೇ ಬೆರಳಷ್ಟು ಮುಂದೆ ಹಿಂದೆ ಬಾಗು. ಕುಂಕುಮದ ಬೊಟ್ಟಿನಷ್ಟು ಸಣ್ಣ ಹೂವೂ ಸಿಗುತ್ತದೆ.

ಹಾರುವ ಹಕ್ಕಿಗೆ ಮಾತ್ರ ಹಟ ಮಾಡದೆ ಆಟೋಫೋಕಸ್ ಹಾಕು, ಅವಮಾನವೇನಿಲ್ಲ. ಆಟೋಫೋಕಸ್ ಒಳಗೇ ಇದ್ದ ಮಿನೋಲ್ಟಾ 7000 ಕ್ಯಾಮೆರಾ ಬಂದದ್ದು 1985ರಲ್ಲಿ. ಅದಕ್ಕೂ ಮೊದಲೇ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಹಕ್ಕಿಗಳ ಚಿತ್ರಕ್ಕೆ ಹೆಸರಾಗಿದ್ದರು. ಮರೆಯಲ್ಲಿ ಕೂತು ಕಾಯುವ ತಾಳ್ಮೆ ಆ ತಲೆಮಾರಿಗಿತ್ತು. ನಿನಗೆ ಕಾಫಿ ಆರುವವರೆಗೂ ಕಾಯೋಕೆ ಆಗುವುದಿಲ್ಲ!

ಹಳೇ ಲೆನ್ಸು ಕೊಳ್ಳುವಾಗ "ಆತುರಗಾರನಿಗೆ ಬುದ್ಧಿ ಮಟ್ಟ" ಅನ್ನಿಸಿಕೊಳ್ಳಬೇಡ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡು. ಒಳಗೆ ಬಿಳಿ ನೂಲಿನಂತೆ ಹರಡಿದ್ದರೆ ಫಂಗಸ್ಸು, ಪುಕ್ಕಟೆ ಕೊಟ್ಟರೂ ಬೇಡ. ನಾಲ್ಕು ಧೂಳಿನ ಚುಕ್ಕೆ ಇದ್ದರೆ ಚೌಕಾಸಿಗೆ ಒಳ್ಳೇದು. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಕಂಡರೆ ರಿಪೇರಿ ಖರ್ಚು ಕಳೆದು ಬೆಲೆ ಕೇಳು. ಮಾಲೂರಿನ ಇಟ್ಟಿಗೆ ಗೂಡಿನ ಹತ್ತಿರ ಹೊರಟಿದ್ದರೆ ಮನೆಯಲ್ಲೇ ಲೆನ್ಸು ಹಾಕಿಕೊಂಡು ಹೋಗು. ಆ ಕೆಂಧೂಳಿನಲ್ಲಿ ಬಾಡಿ ಬಾಯಿ ತೆರೆದರೆ ಸೆನ್ಸರ್ ಒರೆಸೋಕೆ ಬೆಂಗಳೂರಿಗೇ ಹೋಗಬೇಕಾಗುತ್ತದೆ.