ಕೈಗೆ ಸಿಗದ ಅಂಗಿಗೆ ಕೈಯಲ್ಲಿದ್ದ ದುಡ್ಡು

ರಾಣೆಬೆನ್ನೂರಿನ ಸಂತೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಕೊಳ್ಳುವಾಗ ನೀವು ಒಂದನ್ನು ಮುರಿದು, ಬಣ್ಣ ನೋಡಿ, ಮೂಸಿ ಆಮೇಲೆ ದುಡ್ಡು ಕೊಡುತ್ತೀರಿ. ನಿಮ್ಮ ಮಗನೋ ತಮ್ಮನೋ ಈದಿಯಾಗಿ ಸಿಕ್ಕ ಹಣವನ್ನೆಲ್ಲ ಮೊಬೈಲ್ ಆಟದೊಳಗಿನ ಒಂದು ಅಂಗಿಗೆ ಸುರಿದಿರುತ್ತಾನೆ. ಆ ಅಂಗಿಯನ್ನು ತೊಡಲಾಗದು, ಒಗೆಯಲಾಗದು, ಇನ್ನೊಬ್ಬರಿಗೆ ಕೊಡಲೂ ಆಗದು. ‘ಬುದ್ಧಿ ಇದೆಯಾ ನಿನಗೆ?’ ಎಂದು ಗದರುವ ಮುನ್ನ ಅವನು ಯಾಕೆ ಕೊಂಡ ಎಂದು ತಿಳಿದುಕೊಳ್ಳಿ. ಕಾರಣ ಗೊತ್ತಾದರೇ ಮದ್ದು ಗೊತ್ತಾಗುವುದು.

ಕೊಂಡದ್ದು ಏನನ್ನು?

ಬಿಜಿಎಂಐ ಆಟದಲ್ಲಿ ಅಂಗಿ ಬದಲಿಸಿದರೆ ಗುರಿ ಚುರುಕಾಗುವುದಿಲ್ಲ. ಆದರೆ ಜೊತೆಗಾರರೆಲ್ಲ ಅದನ್ನು ನೋಡುತ್ತಾರೆ. ಮದುವೆಗೆ ನಾವು ಹೊಸ ಬಟ್ಟೆ ತೊಟ್ಟು ಹೋಗುವುದೂ ನಾಲ್ಕು ಜನರ ಕಣ್ಣಿಗಾಗಿಯೇ ಅಲ್ಲವೇ? ಗೆಳೆಯರ ನಡುವಿನ ಮರ್ಯಾದೆಯನ್ನೇ ಅವನು ಕೊಂಡದ್ದು. ಆ ಆಸೆ ಸುಳ್ಳಲ್ಲ. ಅದನ್ನು ಬಳಸಿಕೊಳ್ಳುವ ವಿಧಾನಗಳಲ್ಲಿ ಅಪಾಯವಿದೆ.

ಮೊದಲನೆಯದು, ರೂಪಾಯಿಯನ್ನು ಮರೆಮಾಡುವುದು. ಆಟದಲ್ಲಿ ಬೆಲೆ ಇರುವುದು ಯುಸಿ, ಡೈಮಂಡ್‌ಗಳಲ್ಲಿ. ಬೇಕಾದ ವಸ್ತುವಿಗೆ 50 ಸಾಕು, ಆದರೆ ಮಾರುವುದು 60ರ ಕಟ್ಟು ಎಂದಿಟ್ಟುಕೊಳ್ಳಿ. ಉಳಿದ 10 ವ್ಯರ್ಥವಾಗಬಾರದೆಂದು ಇನ್ನೊಂದು ಕಟ್ಟು ಕೊಳ್ಳುವಂತಾಗುತ್ತದೆ.

ಎರಡನೆಯದು, ಅವಸರ. ‘ಇಂದು ರಾತ್ರಿಯವರೆಗೆ ಮಾತ್ರ’ ಎಂಬ ಗಡುವು ಯೋಚಿಸಲು ಬಿಡುವುದಿಲ್ಲ.

ಮೂರನೆಯದು, ಅದೃಷ್ಟದ ಪೆಟ್ಟಿಗೆ. ದುಡ್ಡು ಕೊಟ್ಟ ಮೇಲಷ್ಟೇ ಒಳಗೇನಿದೆ ಎಂದು ತಿಳಿಯುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನದ ಬೆನ್ನನ್ನು ಮನಸ್ಸು ಸುಲಭವಾಗಿ ಬಿಡುವುದಿಲ್ಲ. ಬೆಲ್ಜಿಯಂ ದೇಶ 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆಯ ನಿಷೇಧ ಇರುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಮೇಲೆ. ಆದ್ದರಿಂದ ‘ಸರ್ಕಾರ ಎಲ್ಲವನ್ನೂ ಬಂದ್ ಮಾಡಿದೆ’ ಎಂದು ನಿಶ್ಚಿಂತರಾಗಬೇಡಿ.

ಯಾವಾಗ ಇದು ಕಾಯಿಲೆ?

ಒಂದೆರಡು ಸಲ ಕೊಂಡದ್ದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದು ಗೇಮಿಂಗ್ ಕಾಯಿಲೆಗೆ ಮೂರು ಲಕ್ಷಣ ಹೇಳುತ್ತದೆ: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಸುವುದು. ಸಾಮಾನ್ಯವಾಗಿ ಇವು 12 ತಿಂಗಳಾದರೂ ಕಂಡುಬಂದಿರಬೇಕು. ನಿದ್ದೆಗೆಡುವುದು, ಊಟ ತಪ್ಪಿಸುವುದು, ಮನೆಯವರಿಗೆ ಗೊತ್ತಿಲ್ಲದೆ ಹಣ ತೆಗೆಯುವುದು ಕಂಡರೆ ಮಾತ್ರ ವರ್ಷ ಕಾಯುತ್ತ ಕೂರಬೇಡಿ.

ನೀವು ಮಾಡಬಹುದಾದದ್ದು

● ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ.

● ತಿಂಗಳಿಗೊಮ್ಮೆ ಬ್ಯಾಂಕ್ ಲೆಕ್ಕವನ್ನು ಮಗನ ಜೊತೆ ಕೂತು ನೋಡಿ. ಡೈಮಂಡ್‌ಗಳನ್ನು ರೂಪಾಯಿಗೆ ತಿರುಗಿಸಿ ಅವನ ಕೈಯಿಂದಲೇ ಬರೆಸಿ.

● ಕೊಳ್ಳಬೇಕೆನಿಸಿದರೆ ಒಂದು ರಾತ್ರಿ ಕಾಯುವ ನಿಯಮ ಮಾಡಿ. ಬೆಳಿಗ್ಗೆಗೆ ಎಷ್ಟೋ ಆಸೆಗಳು ಆರಿರುತ್ತವೆ.

● ಮಲಗುವ ಕೋಣೆಯ ಹೊರಗೆ ಮೊಬೈಲ್ ಚಾರ್ಜಿಗಿಡಿ. ಈ ನಿಯಮ ದೊಡ್ಡವರಿಗೂ ಇರಲಿ.

● ಸಂಜೆ ಗೆಳೆಯರೊಡನೆ ಮೈದಾನಕ್ಕೆ ಕಳಿಸಿ. ಗೆಳೆಯರ ಮೆಚ್ಚುಗೆ ಅಲ್ಲಿ ಪುಕ್ಕಟೆ ಸಿಗುತ್ತದೆ.

ಮನೆಯ ಮಾತಿಗೆ ಬಗ್ಗದಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಟೆಲಿ-ಮಾನಸ್‌ನ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯ ಆರಂಭವಾಗಿದೆ. ಹೋದ ದುಡ್ಡನ್ನು ಮತ್ತೆ ದುಡಿಯಬಹುದು. ಬೈಗುಳಕ್ಕೆ ಹೆದರಿ ಮಗ ಸುಳ್ಳು ಹೇಳಲು ಕಲಿತರೆ ಅದನ್ನು ಬಿಡಿಸುವುದು ಕಷ್ಟ. ಇಂದು ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ‘ಆ ಅಂಗಿ ತೋರಿಸು, ನೋಡೋಣ’ ಎಂದು ಮಾತು ಶುರುಮಾಡಿ.